ಗುಡ್ಡದ ಮೇಲಿನ ಹೆಸರು, ಗುಡ್ಡದ ಕೆಳಗಿನ ಮನೆ: ಮೊಂಮಾರ್ತ್‌ನಲ್ಲಿ ಏಳು ರಾತ್ರಿಗೆ ಮನೆ ಹಿಡಿದ ಒಂದು ಪ್ರಕರಣ

ನಮ್ಮಪ್ಪ ಮೈಸೂರಿನ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದವರು. ನಮ್ಮ ನಡುಮನೆಯ ಗೋಡೆಯಲ್ಲಿ ದೇವರ ಪಟಗಳ ಪಕ್ಕದಲ್ಲೇ ವ್ಯಾನ್ ಗೋ ಬಿಡಿಸಿದ ಚಿತ್ರ ಒಂದಿದೆ. ಹಳೇ ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ್ದು. ನಾನೂ ನನ್ನ ತಮ್ಮನೂ ಅದನ್ನು ನೋಡುತ್ತಲೇ ಬೆಳೆದೆವು. ಅಪ್ಪನಿಗೆ ಎಪ್ಪತ್ತು ತುಂಬಿದಾಗ ಎಲ್ಲಿಗೆ ಕರೆದುಕೊಂಡು ಹೋಗೋದು ಅನ್ನುವ ಚರ್ಚೆಯೇ ನಡೆಯಲಿಲ್ಲ. ಪ್ಯಾರಿಸ್. ಅದರಲ್ಲೂ ಮೊಂಮಾರ್ತ್, ವ್ಯಾನ್ ಗೋನಂಥ ಚಿತ್ರಕಾರರು ಇದ್ದ ಗುಡ್ಡ.

"ಹೋಟೆಲ್ ಬೇಡ ಕಣಮ್ಮ," ಅಂದರು ಅಪ್ಪ. "ಆ ಗುಡ್ಡದಲ್ಲೇ ಒಂದು ಮನೆ ಸಿಗುತ್ತಾ ನೋಡು. ಅವರೆಲ್ಲ ಓಡಾಡಿದ ಬೀದೀಲಿ ಬೆಳಗ್ಗೆ ಎದ್ದು ಹಾಲು ತರಬೇಕು ನಾನು."

ಅಮ್ಮ ಕೇಳಿದ್ದು ಒಂದೇ: "ಮೆಟ್ಟಿಲು ಎಷ್ಟಿದೆಯಂತೆ?"

ಈ ಎರಡು ಮಾತಿನ ನಡುವೆ ನಾವು ಮೂರು ಮನೆ ನೋಡಿದೆವು, ಒಂದು ಬುಕಿಂಗ್ ರದ್ದು ಮಾಡಿದೆವು, ಒಂದಷ್ಟು ದುಡ್ಡು ಕಳೆದುಕೊಂಡೆವು. ಕೊನೆಗೆ ಅಪ್ಪ ಅಂದುಕೊಂಡ ಬೀದಿ ಬಿಟ್ಟು ಬೇರೆ ಕಡೆ ಮನೆ ಹಿಡಿದೆವು. ಪ್ರಯಾಣ 2025ರ ಸೆಪ್ಟೆಂಬರ್ ಮೊದಲ ಭಾಗದಲ್ಲಿ, ದಸರಾಕ್ಕೆ ಮುಂಚೆ ವಾಪಸ್ ಬರೋ ಹಾಗೆ. ಏಳು ರಾತ್ರಿ, ನಾಲ್ಕು ಜನ ದೊಡ್ಡವರು, ಒಬ್ಬರಿಗೆ ಮಂಡಿನೋವು. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ಚಿತ್ರಕಾರರು ಅಲ್ಲಿಗೆ ಹೋದದ್ದು ಯಾಕೆ

ಮೊಂಮಾರ್ತ್ ಅಂದರೆ ಪ್ಯಾರಿಸ್‌ನ ಉತ್ತರ ಭಾಗದ ಗುಡ್ಡ. ಎತ್ತರ ಸುಮಾರು 130 ಮೀಟರ್. 1860ರಲ್ಲಿ ಪ್ಯಾರಿಸ್‌ಗೆ ಸೇರುವ ತನಕ ಅದು ಬೇರೆಯೇ ಊರು. ಹಿಟ್ಟು ಬೀಸುವ ಗಾಳಿಗಿರಣಿಗಳು, ದ್ರಾಕ್ಷಿ ತೋಟ, ಜಿಪ್ಸಂ ಗಣಿ. ನಾವು ಸೀಲಿಂಗ್‌ಗೆ ಬಳಿಯುವ ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಆ ಹೆಸರು ಬಂದದ್ದು ಇಂಥ ಗಣಿಗಳಿಂದಲೇ. ಒಳಗೆಲ್ಲ ತೋಡಿದ ಗುಡ್ಡ, ಮೇಲೆ ಹಳೇ ಕಟ್ಟಡಗಳು, ನೀರಿಗೆ ಕಷ್ಟ. ಹಾಗಾಗಿ ಬಾಡಿಗೆ ಕಡಿಮೆ.

ಚಿತ್ರಕಾರರು ಬಂದದ್ದು ಈ ಬಾಡಿಗೆಗಾಗಿ. ರೆನ್ವಾರ್ 1876ರಲ್ಲಿ ಕೊರ್ತೊ ಬೀದಿಯ 12ನೇ ನಂಬರಿನಲ್ಲಿ ಜಾಗ ಹಿಡಿದು, ಹತ್ತಿರದ ಗಾಳಿಗಿರಣಿಯ ಅಂಗಳದಲ್ಲಿ ಭಾನುವಾರ ಕುಣಿಯುವ ಜನರ ದೊಡ್ಡ ಚಿತ್ರ ಬಿಡಿಸಿದರು. ವ್ಯಾನ್ ಗೋ 1886ರಿಂದ 1888ರವರೆಗೆ ಲೆಪಿಕ್ ಬೀದಿಯ 54ನೇ ನಂಬರಿನಲ್ಲಿ ತಮ್ಮ ಥಿಯೋ ಜೊತೆ ಇದ್ದರು. ಬಾಡಿಗೆ ಕಟ್ಟುತ್ತಿದ್ದದ್ದು ತಮ್ಮ. ಪಿಕಾಸೊ 1904ರಲ್ಲಿ ರಾವಿನ್ಯಾಂ ಬೀದಿಯ 'ಬಾತೊ ಲಾವ್ವಾರ್' ಅನ್ನೋ ಮರದ ಕಟ್ಟಡಕ್ಕೆ ಬಂದರು. ಬಟ್ಟೆ ಒಗೆಯುವ ದೋಣಿ ಅಂತ ಆ ಹೆಸರಿನ ಅರ್ಥ. ಅಷ್ಟೂ ಜನಕ್ಕೆ ಒಂದೇ ನಲ್ಲಿ. ಬೇಸಿಗೆಯಲ್ಲಿ ಬೇಯುತ್ತಿತ್ತು, ಚಳಿಗಾಲದಲ್ಲಿ ಕೊರೆಯುತ್ತಿತ್ತು. 20ನೇ ಶತಮಾನದ ಚಿತ್ರಕಲೆಯನ್ನೇ ತಿರುಗಿಸಿದ ಅವರ ಐದು ಹೆಂಗಸರ ಚಿತ್ರ 1907ರಲ್ಲಿ ಹುಟ್ಟಿದ್ದು ಅಲ್ಲೇ. ಕೈಯಲ್ಲಿ ಸ್ವಲ್ಪ ಕಾಸು ಓಡಾಡತೊಡಗಿದ ಮೇಲೆ, 1909ರಲ್ಲಿ ಪಿಕಾಸೊ ಗುಡ್ಡ ಇಳಿದು, ಬುಡದ ದೊಡ್ಡ ರಸ್ತೆಯಾದ ಕ್ಲಿಶಿ ಬುಲೆವಾರ್‌ಗೆ ಮನೆ ಬದಲಾಯಿಸಿದರು.

ನನಗೆ ಎಲ್ಲರಿಗಿಂತ ಜಾಸ್ತಿ ಮನಸ್ಸಿಗೆ ತಟ್ಟಿದ್ದು ಎರಿಕ್ ಸಾತಿ ಅನ್ನೋ ಸಂಗೀತಗಾರನ ಕಥೆ. ಕೊರ್ತೊ ಬೀದಿಯ 6ನೇ ನಂಬರಿನಲ್ಲಿ ಇದ್ದವರು. ದುಡ್ಡಿಗೆ ತೊಂದರೆ ಆದಾಗ ಅದೇ ಕಟ್ಟಡದ ಒಂದು ಪುಟ್ಟ ಕೋಣೆಗೆ ಸರಿದರು. ಅದೂ ಆಗದೆ 1898ರಲ್ಲಿ ಊರಾಚೆಯ ಆರ್ಕೆಯ್‌ಗೆ ಹೋದರು. ಅಂದರೆ ಬಾಡಿಗೆಯೇ ಅವರನ್ನು ಗುಡ್ಡದಿಂದ ಇಳಿಸಿತು.

ಇವತ್ತು ಆ ಹೆಸರುಗಳನ್ನೇ ತೋರಿಸಿ ಅದೇ ಗುಡ್ಡದಲ್ಲಿ ರಾತ್ರಿಗೆ ಇನ್ನೂರು ಯೂರೋ ಕೇಳುತ್ತಾರೆ. ಕಟ್ಟಡ ಅದೇ ಹಳೆಯದು, ಮೆಟ್ಟಿಲೂ ಅದೇ. ಹೆಸರಿಗೆ ಕೊಡುವ ದುಡ್ಡು ಎಷ್ಟು, ಮನೆಗೆ ಕೊಡುವ ದುಡ್ಡು ಎಷ್ಟು ಅಂತ ಬಿಡಿಸಿ ನೋಡೋದನ್ನು ನಾವು ಕಲಿತದ್ದು ಎಡವಿದ ಮೇಲೆ.

ಮೊದಲನೇ ಮನೆ

ಜೂನ್ ಮೊದಲ ವಾರ. ಬುಕಿಂಗ್ ತಾಣವೊಂದರಲ್ಲಿ ಒಂದು ಮನೆ ಕಣ್ಣಿಗೆ ಬಿತ್ತು. 'ಪಿಕಾಸೊ ಬೀದಿಯ ಕಲಾವಿದರ ಸ್ಟುಡಿಯೊ' ಅಂತ ತಲೆಬರಹ. ಸೂರಿನಲ್ಲಿ ಗಾಜಿನ ಕಿಂಡಿ, ಮೂಲೆಯಲ್ಲಿ ಚಿತ್ರ ಬಿಡಿಸುವ ಸ್ಟ್ಯಾಂಡ್, ನಲವತ್ತೈದು ಚದರ ಮೀಟರ್, ಎರಡನೇ ಮಹಡಿ. ಮ್ಯಾಪಿನಲ್ಲಿ ರಾವಿನ್ಯಾಂ ಬೀದಿಯ ಮೇಲೇ ಒಂದು ದುಂಡು ಗುರುತು. ರಾತ್ರಿಗೆ 215 ಯೂರೋ. ಸ್ವಚ್ಛತೆಗೆ, ತಾಣದ ಶುಲ್ಕಕ್ಕೆ, ಪ್ರವಾಸಿ ತೆರಿಗೆಗೆ ಅಂತ ಎಲ್ಲ ಸೇರಿ ಏಳು ರಾತ್ರಿಗೆ ಸುಮಾರು 2,100 ಯೂರೋ. ಆಗ ಒಂದು ಯೂರೋ ನೂರು ರೂಪಾಯಿಯ ಆಸುಪಾಸಿನಲ್ಲಿತ್ತು.

ದುಬಾರಿ ಅಂತ ಗೊತ್ತಿತ್ತು. ಆದರೆ ಅಪ್ಪನಿಗೆ ಫೋಟೊ ಕಳಿಸಿದಾಗ ಅವರು ಆ ಗಾಜಿನ ಕಿಂಡಿಯ ಚಿತ್ರವನ್ನು ದೊಡ್ಡದು ಮಾಡಿ ನೋಡಿ, "ಉತ್ತರದ ಬೆಳಕು," ಅಂದರು. ಅಷ್ಟೇ ಸಾಕಾಯಿತು. ಜೂನ್ ಕೊನೆಯವರೆಗೆ ರದ್ದು ಮಾಡಿದರೆ ಪೂರ್ತಿ ವಾಪಸ್ ಅಂತ ಇತ್ತು. ಕಾರ್ಡ್ ಹಾಕಿ ದುಡ್ಡು ಕಟ್ಟಿಬಿಟ್ಟೆ.

ವೀಸಾ ಅರ್ಜಿಗೆ ಕಾಗದಪತ್ರ ಜೋಡಿಸುವಾಗ ವಿಷಯ ಹೊರಗೆ ಬಂತು. ಷೆಂಗೆನ್ ವೀಸಾಕ್ಕೆ ಪ್ರತಿ ರಾತ್ರಿ ಎಲ್ಲಿ ಉಳಿಯುತ್ತೀರಿ ಅಂತ ತೋರಿಸಬೇಕು. ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ, ತಲೆಗೆ 90 ಯೂರೋ ಶುಲ್ಕ. ವಿಳಾಸ ಸರಿಯಾಗಿ ಬರೆಯೋಣ ಅಂತ ಜಾಹೀರಾತಿನ ಪುಟ ಮತ್ತೆ ತೆಗೆದೆ. ಕೆಳಗೆ, ಯಾರೂ ಓದದ ಜಾಗದಲ್ಲಿ, ನೋಂದಣಿ ಸಂಖ್ಯೆ ಅಂತ ಹದಿಮೂರು ಅಂಕೆ ಇತ್ತು. 75109 ಅಂತ ಶುರು.

ಇದೇನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಪ್ಯಾರಿಸ್‌ನಲ್ಲಿ ಪ್ರವಾಸಿಗರಿಗೆ ಮನೆ ಕೊಡುವವರು ಪುರಸಭೆಯಲ್ಲಿ ನೋಂದಾಯಿಸಿ, ಆ ಸಂಖ್ಯೆಯನ್ನು ಜಾಹೀರಾತಿನಲ್ಲಿ ಹಾಕಬೇಕು. ಅದರ ಮೊದಲ ಐದು ಅಂಕೆ ಊರಿನ ಸರ್ಕಾರಿ ಸಂಕೇತ. ಪ್ಯಾರಿಸ್‌ನಲ್ಲಿ ಇಪ್ಪತ್ತು ವಿಭಾಗಗಳಿವೆ, ಪ್ರತಿಯೊಂದಕ್ಕೂ ಬೇರೆ ಸಂಕೇತ. ಮೊದಲು 751, ಆಮೇಲೆ ವಿಭಾಗದ ನಂಬರು. ಮೊಂಮಾರ್ತ್ ಗುಡ್ಡ ಇರುವುದು 18ನೇ ವಿಭಾಗದಲ್ಲಿ. ಅಲ್ಲಿಯ ಮನೆ ಆದರೆ 75118 ಅಂತ ಶುರು ಆಗಬೇಕು. ಪಿನ್‌ಕೋಡ್ 75018, ಎರಡನ್ನೂ ಒಂದೇ ಅಂದುಕೊಳ್ಳಬೇಡಿ. 75109 ಅಂದರೆ 9ನೇ ವಿಭಾಗ. ಅದು ಕ್ಲಿಶಿ ಬುಲೆವಾರ್ ದಾಟಿ ದಕ್ಷಿಣಕ್ಕೆ, ಗುಡ್ಡದ ಬುಡದಿಂದಾಚೆ. (ಇದು ನಾವು ಬುಕ್ ಮಾಡಿದ 2025ರ ವಿಚಾರ. 2026ರ ಮೇ ಒಳಗೆ ದೇಶಕ್ಕೆಲ್ಲ ಒಂದೇ ನೋಂದಣಿ ವ್ಯವಸ್ಥೆ ಬರಬೇಕು ಅಂತ ಹೊಸ ಕಾನೂನಿನಲ್ಲಿದೆ. ಆಮೇಲೆ ಹೋಗುವವರು ಸಂಖ್ಯೆ ಹೇಗಿರುತ್ತೆ ಅಂತ ಒಮ್ಮೆ ನೋಡಿಕೊಳ್ಳಿ.)

ದುಡ್ಡು ಕಟ್ಟಿದ ಮೇಲೆ ನಮಗೆ ಬಂದ ವಿಳಾಸದಲ್ಲಿ ಪಿನ್ 75018 ಅಂತಲೇ ಇತ್ತು. ವಿಳಾಸ ಒಂದು ವಿಭಾಗದ್ದು, ನೋಂದಣಿ ಇನ್ನೊಂದು ವಿಭಾಗದ್ದು. ಎರಡರಲ್ಲಿ ಒಂದು ಸುಳ್ಳು, ಅಲ್ವಾ?

ಸಂದೇಶ ಕಳಿಸಿ ಕೇಳಿದೆ. ಒಂದು ದಿನ ಬಿಟ್ಟು ಉತ್ತರ ಬಂತು. ಬರೆದವರು ಮನೆಯ ಮಾಲೀಕರಲ್ಲ, ನೋಡಿಕೊಳ್ಳುವವರಂತೆ. ಮಾಲೀಕರಿಗೆ ಹಲವು ಮನೆ ಇವೆ, ನಂಬರು ಅದಲುಬದಲು ಆಗಿರಬಹುದು, ನೀವು ಚಿಂತೆ ಮಾಡಬೇಡಿ ಅಂತ. ಸರಿಯಾದ ನಂಬರು ಕಳಿಸಿ ಅಂತ ಮತ್ತೆ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ.

ಕಾನೂನು ಓದಿದ್ದು, ಮನಸ್ಸು ಬದಲಾದದ್ದು

ಮೊದಲು ನನಗಿದ್ದ ಭಯ ಬರೀ ನಮ್ಮ ಬಗ್ಗೆ. ಪುರಸಭೆ ಆ ಜಾಹೀರಾತು ತೆಗೆಸಿದರೆ ನಮ್ಮ ಬುಕಿಂಗ್ ಹಾರಿಹೋಗುತ್ತೆ, ವೀಸಾದಲ್ಲಿ ತೋರಿಸಿದ ವಿಳಾಸವೂ ಹೋಗುತ್ತೆ, ಅಪ್ಪ ಅಮ್ಮನನ್ನು ಕಟ್ಟಿಕೊಂಡು ಕೊನೇ ಗಳಿಗೆಯಲ್ಲಿ ಎಲ್ಲಿ ಹುಡುಕಲಿ ಅಂತ. ದಂಡ ಬೀಳುವುದು ಮನೆ ಕೊಡುವವರ ಮೇಲೆ, ಉಳಿಯುವವರ ಮೇಲಲ್ಲ. ಆದರೆ ಪರದಾಡುವವರು ಉಳಿಯುವವರೇ.

ಆಮೇಲೆ ಈ ನಿಯಮ ಯಾಕೆ ಬಂತು ಅಂತ ಓದಿದೆ. ಪ್ಯಾರಿಸ್‌ನಲ್ಲಿ ತಾನೇ ವಾಸ ಇರುವ ಮನೆಯನ್ನು ಪ್ರವಾಸಿಗರಿಗೆ ವರ್ಷಕ್ಕೆ ಇಷ್ಟೇ ದಿನ ಕೊಡಬಹುದು ಅಂತ ಮಿತಿ ಇದೆ. ಮೊದಲು 120 ದಿನ ಇತ್ತು. 2024ರ ನವೆಂಬರ್‌ನಲ್ಲಿ ಬಂದ ಕಾನೂನು ಊರುಗಳಿಗೆ ಅದನ್ನು ಇಳಿಸುವ ಅಧಿಕಾರ ಕೊಟ್ಟಿತು. ಪ್ಯಾರಿಸ್ 2025ರ ಜನವರಿ 1ರಿಂದ 90 ದಿನಕ್ಕೆ ಇಳಿಸಿತು. ಯಾರೂ ವಾಸ ಇಲ್ಲದ ಮನೆಯನ್ನು ವರ್ಷಪೂರ್ತಿ ಪ್ರವಾಸಿಗರಿಗೆ ಕೊಡಬೇಕಾದರೆ ಬಳಕೆ ಬದಲಿಸಲು ಪುರಸಭೆಯ ಅನುಮತಿ ಬೇಕು. ಅದಕ್ಕೆ ಸಾಮಾನ್ಯವಾಗಿ ಅಂಗಡಿ, ಆಫೀಸಿನಂಥ ಜಾಗವನ್ನು ವಾಸದ ಮನೆಯಾಗಿ ಮಾಡಿ ಲೆಕ್ಕ ಸರಿದೂಗಿಸಬೇಕು. ತಪ್ಪಿದರೆ ದಂಡ ಒಂದು ಲಕ್ಷ ಯೂರೋವರೆಗೂ ಹೋಗಬಹುದು.

ಇಷ್ಟೆಲ್ಲ ಬಿಗಿ ಯಾಕೆ ಅಂದರೆ, ಹಾಗೆ ಪ್ರವಾಸಿಗರಿಗೆ ಮೀಸಲಾದ ಒಂದೊಂದು ಮನೆಯೂ ಅಲ್ಲಿ ಬದುಕುವವರ ಕೈತಪ್ಪಿದ ಮನೆ. ಶಾಲೆಯ ಮೇಷ್ಟರು, ನರ್ಸು, ಬ್ರೆಡ್ ಅಂಗಡಿಯ ಹುಡುಗ ಇಂಥವರು ಇರಬೇಕಾದ ಮನೆ. ಬಾಡಿಗೆ ಕಡಿಮೆ ಅಂತ ಬಂದ ಬಡ ಚಿತ್ರಕಾರರ ಹೆಸರು ಹೇಳಿಕೊಂಡು, ಬಾಡಿಗೆ ಕಟ್ಟಲಾರದ ಹಾಗೆ ಇವತ್ತಿನವರನ್ನು ಹೊರಗೆ ಹಾಕುವ ಕೆಲಸಕ್ಕೆ ನಮ್ಮ ದುಡ್ಡೂ ಸೇರಬೇಕಾ? ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನಾನೂ ಮೇಷ್ಟ್ರೇ ಅಲ್ವೇನಮ್ಮ," ಅಂದರು. "ಬೇಡ ಬಿಡು. ಬೇರೆ ನೋಡು."

ಗಡುವಿಗೆ ನಾಲ್ಕು ದಿನ ಇರುವಾಗ ರದ್ದು ಮಾಡಿದೆ. ದುಡ್ಡು ಎಂಟು ದಿನಕ್ಕೆ ವಾಪಸ್ ಬಂತು, ಆದರೆ ಪೂರ್ತಿ ಬರಲಿಲ್ಲ. ತಾಣ ಕೊಟ್ಟದ್ದು ಪೂರ್ತಿ ಯೂರೋ. ನನ್ನ ಕಾರ್ಡಿನವರು ಕಟ್ಟುವಾಗ ಹಿಡಿದ ವಿದೇಶಿ ವಿನಿಮಯದ ಶುಲ್ಕ ವಾಪಸ್ ಕೊಡಲಿಲ್ಲ, ಎರಡು ದಿನದ ದರದಲ್ಲೂ ವ್ಯತ್ಯಾಸ ಇತ್ತು. ಸುಮಾರು ಆರು ಸಾವಿರ ರೂಪಾಯಿ ಹೋಯಿತು. 'ರದ್ದು ಮಾಡಿದರೆ ಪೂರ್ತಿ ವಾಪಸ್' ಅನ್ನೋ ಮಾತನ್ನು ರೂಪಾಯಿಯಲ್ಲಿ ಓದಬಾರದು. ಈಗಲೇ ಕಟ್ಟಿ, ಆಮೇಲೆ ಕಟ್ಟಿ ಅಂತ ಎರಡು ಆಯ್ಕೆ ಕೊಟ್ಟರೆ, ವೀಸಾ ಬರುವ ತನಕ ಆಮೇಲೆ ಕಟ್ಟುವುದನ್ನೇ ಆರಿಸಿ.

ಅಟ್ಟದ ಮನೆ

ಎರಡನೇ ಮನೆಯ ಕಥೆ ಚಿಕ್ಕದು. ಲೆಪಿಕ್ ಬೀದಿಯ ಹತ್ತಿರ, ಸಂಖ್ಯೆ 75118, ಮಾಲೀಕರು ಬಹಳ ಒಳ್ಳೆಯವರು. ಆರನೇ ಮಹಡಿ, ಸೂರಿನ ಕೆಳಗೆ, ಲಿಫ್ಟ್ ಇಲ್ಲ. ಪ್ಯಾರಿಸ್‌ನ ಹಳೇ ಕಟ್ಟಡಗಳಲ್ಲಿ ಮೇಲಿನ ಅಟ್ಟ ಮನೆಕೆಲಸದವರಿಗೆ ಅಂತ ಇದ್ದದ್ದು. ಅಂಥ ಎರಡು ಮೂರು ಕೋಣೆ ಸೇರಿಸಿ ಈಗ ಮನೆ ಮಾಡುತ್ತಾರೆ. ಜಾಹೀರಾತಿನಲ್ಲಿ 38 ಚದರ ಮೀಟರ್ ಅಂತ ಇತ್ತು. ಸೂರು ಇಳಿಜಾರು ಅಂತ ಫೋಟೊದಲ್ಲೇ ಕಾಣುತ್ತಿತ್ತು.

ಫ್ರಾನ್ಸ್‌ನಲ್ಲಿ ಅಪಾರ್ಟ್‌ಮೆಂಟ್ ಮಾರುವಾಗ ಅಳತೆಗೆ ಒಂದು ನಿಯಮ ಇದೆ, ಕಾರೇ ಕಾನೂನು ಅನ್ನುತ್ತಾರೆ. ಸೂರು 1.80 ಮೀಟರಿಗಿಂತ ತಗ್ಗಿರುವ ಜಾಗವನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. "ಕಾರೇ ಅಳತೆ ಎಷ್ಟು?" ಅಂತ ಒಂದೇ ಸಾಲು ಬರೆದೆ. ಅವರು ಮುಚ್ಚುಮರೆ ಇಲ್ಲದೆ ಉತ್ತರ ಕೊಟ್ಟರು: 24. ಅಂದರೆ ಉಳಿದ 14ರಲ್ಲಿ ತಲೆ ಎತ್ತಿ ನಿಲ್ಲುವ ಹಾಗಿಲ್ಲ. ನಿಮ್ಮ ತಾಯಿಗೆ ಮಂಡಿನೋವು ಅಂದರೆ ದಯವಿಟ್ಟು ಈ ಮನೆ ತೆಗೆದುಕೊಳ್ಳಬೇಡಿ ಅಂತ ಅವರೇ ಸೇರಿಸಿದ್ದರು. ಅವರಿಗೆ ಇವತ್ತಿಗೂ ನಾನು ಋಣಿ.

ಅಮ್ಮ ಆರಿಸಿದ ಮನೆ

ಮೂರನೇ ಮನೆ ಹುಡುಕುವಾಗ ಕ್ರಮ ಬದಲಾಯಿಸಿದೆವು. ಚಿತ್ರಕಾರರ ಹೆಸರು ಪಕ್ಕಕ್ಕೆ ಇಟ್ಟು ಅಮ್ಮನ ಪ್ರಶ್ನೆಯಿಂದ ಶುರು ಮಾಡಿದೆವು. ಲಿಫ್ಟ್ ಇದೆಯಾ? ಬೀದಿ ಬಾಗಿಲಿಂದ ಲಿಫ್ಟಿನವರೆಗೆ ಮೆಟ್ಟಿಲು ಎಷ್ಟು? ಮೆಟ್ರೋದಿಂದ ಮನೆಗೆ ದಾರಿ ಏರಾ, ಸಮತಟ್ಟಾ? ಈ ಕೊನೇ ಪ್ರಶ್ನೆ ಬಹಳ ಮುಖ್ಯ. ಮ್ಯಾಪಿನಲ್ಲಿ ಐದು ನಿಮಿಷ ಅಂತ ತೋರಿಸುತ್ತೆ, ನೋಡಿದರೆ ಮಧ್ಯದಲ್ಲಿ ಎಂಬತ್ತು ಮೆಟ್ಟಿಲು ಇರುತ್ತೆ. ಗುಡ್ಡದ ಅಬ್ಬೆಸ್ ಮೆಟ್ರೋ ಸ್ಟೇಷನ್ ನೆಲದಿಂದ 36 ಮೀಟರ್ ಆಳದಲ್ಲಿದೆ, ಇಡೀ ಪ್ಯಾರಿಸ್‌ನಲ್ಲಿ ಅಷ್ಟು ಆಳದ ಸ್ಟೇಷನ್ ಇನ್ನೊಂದಿಲ್ಲ. ಲಿಫ್ಟ್ ಏನೋ ಇದೆ. ಕೆಟ್ಟರೆ ಸುರುಳಿ ಮೆಟ್ಟಿಲೇ ಗತಿ.

ಕೊನೆಗೆ ಸಿಕ್ಕಿದ್ದು ಗುಡ್ಡದ ಉತ್ತರದ ತಪ್ಪಲಿನಲ್ಲಿ, ಜೂಲ್ ಜೊಫ್ರಾಂ ಮೆಟ್ರೋ ಹತ್ತಿರ. 18ನೇ ವಿಭಾಗದ ಪುರಸಭೆ ಕಚೇರಿ ಇರುವ ಜಾಗ. ಸಮತಟ್ಟಾದ ಬೀದಿ, ಒಂದನೇ ಮಹಡಿ, ಇಬ್ಬರೇ ಹಿಡಿಸುವ ಪುಟ್ಟ ಲಿಫ್ಟ್. ಸಂಖ್ಯೆ 75118. ಗಂಡ ಹೆಂಡತಿ ಇಬ್ಬರೇ ಇರುವ ಮನೆ, ಅವರು ಊರಿಗೆ ಹೋಗುವ ಸಮಯದಲ್ಲಿ ಕೊಡುತ್ತಾರೆ. ಫೋಟೊದಲ್ಲಿ ಪುಸ್ತಕದ ಕಪಾಟು, ಅರ್ಧ ಖಾಲಿಯಾದ ಸಾಂಬಾರ ಡಬ್ಬಿಗಳು, ಬಾಗಿಲ ಹಿಂದೆ ನೇತುಹಾಕಿದ ಕೊಡೆ. ಯಾರೋ ಬದುಕುತ್ತಿರುವ ಮನೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತಿತ್ತು.

ರಾತ್ರಿಗೆ 160 ಯೂರೋ, ಏಳಕ್ಕೆ 1,120. ಸ್ವಚ್ಛತೆಗೆ 80. ತಾಣದ ಶುಲ್ಕ 168. ಪ್ರವಾಸಿ ತೆರಿಗೆ 180 ಯೂರೋ ದಾಟಿತು. ಈ ತೆರಿಗೆ ನೋಡಿ ತಮ್ಮ ಗಾಬರಿಯಾದ. ಅದನ್ನು ತಲೆಗೆ, ರಾತ್ರಿಗೆ ಅಂತ ಹಾಕುತ್ತಾರೆ. ಹದಿನೆಂಟರ ಒಳಗಿನವರಿಗೆ ಇಲ್ಲ. ನಕ್ಷತ್ರದ ದರ್ಜೆ ಪಡೆಯದ ಮನೆಗಳಿಗೆ ಬಾಡಿಗೆಯ ಇಂತಿಷ್ಟು ಪಾಲು ಅಂತ ಲೆಕ್ಕ. 2024ರಿಂದ ಸಾರ್ವಜನಿಕ ಸಾರಿಗೆಗೆ ಅಂತ ಒಂದು ಹೆಚ್ಚುವರಿ ತೆರಿಗೆ ಸೇರಿ ಬಹಳ ಏರಿದೆ. ಒಟ್ಟು 1,550 ಯೂರೋ ಆಯಿತು. ಮೊದಲನೇ ಮನೆಗಿಂತ 550 ಕಡಿಮೆ, ಅಂದರೆ ಹತ್ತಿರಹತ್ತಿರ ಐವತ್ತೈದು ಸಾವಿರ ರೂಪಾಯಿ.

ಅಪ್ಪನ ಮುಖ ಮಾತ್ರ ಸ್ವಲ್ಪ ಸಪ್ಪಗಿತ್ತು. "ಗುಡ್ಡದ ಹಿಂಭಾಗ ಅಲ್ವಾ ಅದು," ಅಂದರು ಎರಡು ಸಲ.

ಏಳು ರಾತ್ರಿ

ಮೊದಲನೇ ದಿನ ಬೆಳಗ್ಗೆ ಮೂರನೆಯವರ ಸ್ನಾನದ ಹೊತ್ತಿಗೆ ತಣ್ಣೀರು ಬಂತು. ಬಾತ್‌ರೂಮಿನ ಮೇಲ್ಗಡೆ ಬಿಳಿ ಬಣ್ಣದ ದೊಡ್ಡ ಹಂಡೆ. ನಮ್ಮ ಗೀಸರಿನ ಹಾಗೆ ಸ್ವಿಚ್ ಹಾಕಿದ ತಕ್ಷಣ ಕಾಯುವುದಲ್ಲ ಅದು. ಕರೆಂಟ್ ದರ ಕಡಿಮೆ ಇರುವ ರಾತ್ರಿ ಹೊತ್ತು ಕಾದು, ಹಗಲೆಲ್ಲ ಅಷ್ಟೇ ನೀರು. ನಾವು ಆ ದಿನವೇ ವ್ಯವಸ್ಥೆ ಮಾಡಿಕೊಂಡೆವು. ಅಪ್ಪ ಅಮ್ಮ ಬೆಳಗ್ಗೆ, ನಾನೂ ತಮ್ಮನೂ ರಾತ್ರಿ ಮಲಗುವ ಮುಂಚೆ, ಅದೂ ಹಂಡೆಯಲ್ಲಿ ಉಳಿದಷ್ಟರಲ್ಲಿ. ನಾಲ್ಕು ಜನ ಹೋಗುವವರು ಮನೆ ಹಿಡಿಯುವಾಗಲೇ ಹಂಡೆ ಎಷ್ಟು ಲೀಟರಿನದು ಅಂತ ಕೇಳಿಬಿಡಿ.

ಬಕೆಟ್ಟು, ಚೊಂಬು ಇರಲಿಲ್ಲ. ಅಮ್ಮ ಅಡುಗೆಮನೆಯ ಪಾತ್ರೆ ಹಿಡಿದು ಬಾತ್‌ರೂಮಿಗೆ ಹೊರಟಾಗ ನಾನು ತಡೆದೆ. ಮನೆಯವರು ಬಿಟ್ಟುಹೋಗಿದ್ದ ಚೀಟಿಯಲ್ಲಿ ಒಂದೇ ಒಂದು ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು: ಟಬ್ಬಿನ ಹೊರಗೆ ನೀರು ಚೆಲ್ಲಬೇಡಿ. ಹಳೇ ಕಟ್ಟಡಗಳ ನೆಲ ಮರದ ತೊಲೆಗಳ ಮೇಲೆ ನಿಂತಿರುತ್ತೆ. ನಮ್ಮ ಬಚ್ಚಲಿನ ಹಾಗೆ ನೆಲದಲ್ಲಿ ನೀರು ಹೋಗುವ ತೂತು ಇರುವುದಿಲ್ಲ. ಚೆಲ್ಲಿದ ನೀರು ಇಳಿಯುವುದು ಕೆಳಗಿನವರ ಸೀಲಿಂಗಿಗೆ. ಅಲ್ಲಿ ಅಕ್ಕಪಕ್ಕದವರ ಜಗಳಕ್ಕೂ ವಿಮೆಯ ತಕರಾರಿಗೂ ಇದು ದೊಡ್ಡ ಕಾರಣ. ಟಬ್ಬಿನೊಳಗೆ ಒಂದು ಸ್ಟೂಲ್ ಇಟ್ಟು, ಅಮ್ಮ ಕೂತು ಸ್ನಾನ ಮಾಡಿದರು. ಮಂಡಿಗೂ ಅದೇ ಸುಲಭ ಆಯಿತು.

ಊರಿಂದ ಹೊತ್ತು ತಂದಿದ್ದ ಅಲ್ಯೂಮಿನಿಯಂ ಕುಕ್ಕರ್ ಉಪಯೋಗಕ್ಕೆ ಬರಲಿಲ್ಲ. ಅಲ್ಲಿದ್ದದ್ದು ಇಂಡಕ್ಷನ್ ಒಲೆ. ಅಯಸ್ಕಾಂತ ಅಂಟದ ಪಾತ್ರೆ ಇಟ್ಟರೆ ಅದು ಕಾಯುವುದೇ ಇಲ್ಲ. ಮನೆಯವರ ದಪ್ಪ ತಳದ ಪಾತ್ರೆಯಲ್ಲಿ ಅನ್ನ ಬಸಿದು, ಊರಿಂದ ತಂದ ಪುಡಿಯಲ್ಲಿ ಸಾರು ಮಾಡಿದೆವು. ಎರಡನೇ ದಿನ ತಮ್ಮ ಲಾ ಶಾಪೆಲ್ ಕಡೆ ಹೋಗಿ ಕರಿಬೇವು, ತೊಗರಿಬೇಳೆ, ಹಸಿಮೆಣಸಿನಕಾಯಿ ತಂದ. ಅಲ್ಲಿ ಶ್ರೀಲಂಕಾ ತಮಿಳರ ಅಂಗಡಿಗಳು ಸಾಲಾಗಿವೆ. ಅದೇ ಸುತ್ತಿನಲ್ಲಿ, ನಮ್ಮ 18ನೇ ವಿಭಾಗದಲ್ಲೇ, ಗಣಪತಿ ದೇವಸ್ಥಾನವೂ ಇದೆ. ವರ್ಷಕ್ಕೊಮ್ಮೆ ಬೀದಿಯಲ್ಲಿ ತೇರು ಎಳೆಯುತ್ತಾರೆ. ನಾವು ಹೋಗುವ ಹೊತ್ತಿಗೆ ಆ ವರ್ಷದ ತೇರು ಮುಗಿದಿತ್ತು. ಅಮ್ಮ ಅಲ್ಲಿ ಕೂತು ಒಂದು ಗಂಟೆ ಎದ್ದೇಳಲಿಲ್ಲ.

ಇನ್ನು ಗುಡ್ಡ. ನಮ್ಮ ಬೀದಿಯ ತುದಿಯಿಂದ 40ನೇ ನಂಬರಿನ ಪುಟ್ಟ ಬಸ್ ಹೊರಟು, ಕಿರಿದಾದ ಬೀದಿಗಳಲ್ಲಿ ತಿರುಗಿ ತಿರುಗಿ ಗುಡ್ಡದ ಮೇಲೆ ಹೋಗುತ್ತೆ. ಅಮ್ಮನಿಗೆ ಮನೆಗಿಂತ ಇಷ್ಟವಾದದ್ದು ಈ ಬಸ್ಸು. ಮೂರನೇ ದಿನದ ಹೊತ್ತಿಗೆ ಯಾವ ತಿರುವು ಬಂದಾಗ ಗಂಟೆ ಒತ್ತಬೇಕು ಅಂತ ಅವರಿಗೇ ಗೊತ್ತಿತ್ತು. ಇನ್ನೊಂದು ಬದಿಯಲ್ಲಿ ಹಳಿಯ ಮೇಲೆ ಹತ್ತುವ ಫ್ಯೂನಿಕ್ಯುಲರ್ ಇದೆ, 1900ರಿಂದಲೂ. ಅದರ ಪಕ್ಕದಲ್ಲೇ 222 ಮೆಟ್ಟಿಲು. ಅಪ್ಪ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದ ಅಭ್ಯಾಸದವರು. ಫ್ಯೂನಿಕ್ಯುಲರ್ ಕಡೆ ತಿರುಗಿಯೂ ನೋಡಲಿಲ್ಲ.

ಲೆಪಿಕ್ ಬೀದಿಯ 54ರ ಮುಂದೆ ಅಪ್ಪ ನಿಂತದ್ದು ನಾನು ಮರೆಯುವುದಿಲ್ಲ. ಒಳಗೆ ಹೋಗುವ ಹಾಗಿಲ್ಲ, ಈಗಲೂ ಜನ ವಾಸ ಇರುವ ಮನೆ. ಗೋಡೆಯಲ್ಲಿ ಒಂದು ಕಲ್ಲಿನ ಫಲಕ, ಅಷ್ಟೇ. ಅಪ್ಪ ಫಲಕವನ್ನು ನೋಡಿದ್ದು ಕಡಿಮೆ, ಬೀದಿಯ ಇಳಿಜಾರನ್ನು ನೋಡಿದ್ದು ಜಾಸ್ತಿ. "ಕ್ಯಾನ್ವಾಸ್ ಹೊತ್ತುಕೊಂಡು ಇಲ್ಲಿ ಹತ್ತಿ ಇಳೀತಿದ್ದ," ಅಂದರು. ಆಗ ಒಬ್ಬ ಹೆಂಗಸು ತರಕಾರಿ ಚೀಲ ಹಿಡಿದು ಬಂದರು. ನಾವು ಬಾಗಿಲಿಗೆ ಅಡ್ಡ ನಿಂತಿದ್ದೆವು. ಅಪ್ಪ ತಟ್ಟನೆ ಸರಿದು, ಕೈಮುಗಿದು ದಾರಿ ಬಿಟ್ಟರು. ಆಕೆ ನಕ್ಕು ಒಳಗೆ ಹೋದರು.

ಆ ಬೇಸಿಗೆಯಲ್ಲಿ ಮೊಂಮಾರ್ತ್‌ನ ನಿವಾಸಿಗಳು ಪ್ರವಾಸಿಗರ ದಟ್ಟಣೆ ತಾಳಲಾರದೆ ಮನೆಗಳ ಮುಂದೆ ಬ್ಯಾನರ್ ಕಟ್ಟಿದ್ದರು. ಅದನ್ನು ಓದಿಕೊಂಡು ಹೋಗಿದ್ದರಿಂದಲೋ ಏನೋ, ಆ ಒಂದು ನಗು ನನಗೆ ಬಹಳ ದೊಡ್ಡದಾಗಿ ಕಂಡಿತು.

ಬಾತೊ ಲಾವ್ವಾರ್ 1970ರಲ್ಲಿ ಬೆಂಕಿ ಬಿದ್ದು ಹೋಯಿತು. ಈಗ ಇರುವುದು ಆಮೇಲೆ ಕಟ್ಟಿದ್ದು. ಮುಂದೆ ಒಂದು ಗಾಜಿನ ಕಿಟಕಿಯಲ್ಲಿ ಹಳೇ ಫೋಟೊಗಳನ್ನು ಇಟ್ಟಿದ್ದಾರೆ. ಒಳಗೆ ಪ್ರವೇಶ ಇಲ್ಲ. ಅಂದರೆ 2,100 ಯೂರೋ ಕೊಟ್ಟು 'ಪಿಕಾಸೊ ಬೀದಿ'ಯಲ್ಲಿ ಉಳಿದಿದ್ದರೂ ನಮಗೆ ಕಾಣುತ್ತಿದ್ದದ್ದು ಇದೇ ಕಿಟಕಿ. ಅದನ್ನು ನೋಡಲು ದುಡ್ಡು ಕೊಡಬೇಕಾಗಿಲ್ಲ.

ನಿಜವಾಗಿ ಒಳಗೆ ಹೋಗಿ ನೋಡಬಹುದಾದ ಮನೆ ಕೊರ್ತೊ ಬೀದಿಯ 12. ಈಗ ಅದು ಮೊಂಮಾರ್ತ್ ಮ್ಯೂಸಿಯಂ. ರೆನ್ವಾರ್ ಆದಮೇಲೆ ಸುಜಾನ್ ವಾಲಾದೊಂ, ಅವರ ಮಗ ಮೊರಿಸ್ ಉತ್ರಿಯೊ ಇಲ್ಲಿದ್ದರು. ವಾಲಾದೊಂ ಮೊದಲು ಚಿತ್ರಕಾರರಿಗೆ ಮಾಡೆಲ್ ಆಗಿ ನಿಲ್ಲುತ್ತಿದ್ದವರು, ನೋಡಿ ನೋಡಿಯೇ ಕಲಿತು ತಾವೇ ಚಿತ್ರಕಾರ್ತಿಯಾದರು. ಅವರ ಸ್ಟುಡಿಯೊವನ್ನು ಹಿಂದಿದ್ದ ಹಾಗೆ ಮತ್ತೆ ಜೋಡಿಸಿಟ್ಟಿದ್ದಾರೆ. ದೊಡ್ಡ ಗಾಜಿನ ಕಿಟಕಿ, ಬಣ್ಣ ಮೆತ್ತಿದ ಸ್ಟ್ಯಾಂಡ್, ಮಧ್ಯದಲ್ಲಿ ಕಬ್ಬಿಣದ ಒಲೆ. ಅಪ್ಪ ಜಾಹೀರಾತಿನ ಫೋಟೊದಲ್ಲಿ ನೋಡಿದ ಬೆಳಕು ಇಲ್ಲಿತ್ತು. ಎರಡು ಗಂಟೆ ಅಲ್ಲೇ ಇದ್ದರು. ಹಿಂದಿನ ತೋಟದಿಂದ ಕೆಳಗೆ ನೋಡಿದರೆ ದ್ರಾಕ್ಷಿ ತೋಟ ಕಾಣುತ್ತೆ. ಆ ಜಾಗದಲ್ಲಿ ಕಟ್ಟಡ ಏಳಬಾರದು ಅಂತ 1933ರಲ್ಲಿ ಬಳ್ಳಿ ನೆಟ್ಟು ಉಳಿಸಿಕೊಂಡದ್ದು. ತೋಟದಾಚೆ ಉತ್ತರಕ್ಕೆ ಇಳಿಯುವ ಬೀದಿಗಳು, ಸತುವಿನ ತಗಡಿನ ಸೂರುಗಳು.

"ನಮ್ಮನೆ ಯಾವ ಕಡೆ?" ಅಂತ ಕೇಳಿದರು ಅಪ್ಪ. ತಮ್ಮ ಕೈತೋರಿಸಿದ. ಪುರಸಭೆಯ ಕಡೆಗೆ ಇಳಿಯುವ ಆ ಸೂರುಗಳ ನಡುವೆ ಎಲ್ಲೋ ಒಂದು. ಉತ್ರಿಯೊ ಬಿಡಿಸಿದ ಬಿಳಿ ಗೋಡೆಯ ಬೀದಿಗಳು ಹೆಚ್ಚಾಗಿ ಇಂಥವೇ ಅಂತ ಅಪ್ಪನೇ ನಮಗೆ ಹೇಳಿಕೊಟ್ಟರು. ಗುಡ್ಡದ ಹಿಂಭಾಗ ಅನ್ನೋ ಮಾತು ಆಮೇಲೆ ಬರಲಿಲ್ಲ.

ಹೊರಡುವ ದಿನ ಕಸ ಬೇರೆ ಮಾಡಿ ಇಟ್ಟು, ಬಸಿಯುವ ಪಾತ್ರೆ ತೊಳೆದು, ಉಳಿದ ತೊಗರಿಬೇಳೆ ಮತ್ತು ಸಾರಿನ ಪುಡಿಯನ್ನು ಡಬ್ಬಿಗೆ ಹಾಕಿ, ಮಾಡುವ ಬಗೆಯನ್ನು ಇಂಗ್ಲಿಷಿನಲ್ಲಿ ಬರೆದಿಟ್ಟು ಬಂದೆವು. ಎರಡು ವಾರದ ಮೇಲೆ ಆ ಮನೆಯವರಿಂದ ಸಂದೇಶ ಬಂತು: ಸಾರು ಚೆನ್ನಾಗಿತ್ತು, ಬೇಳೆ ಎಷ್ಟು ಹೊತ್ತು ಬೇಯಿಸಬೇಕು ಅಂತ ಬರೆದಿರಲಿಲ್ಲವಲ್ಲ ಅಂತ. ಅಮ್ಮನ ಕೈಯಲ್ಲೇ ಉತ್ತರ ಹೇಳಿಸಿ ಕಳಿಸಿದೆ.

ಅಪ್ಪ ಈಗ ಆ 222 ಮೆಟ್ಟಿಲುಗಳ ಚಿತ್ರ ಬಿಡಿಸುತ್ತಿದ್ದಾರೆ. ಹೋದ ವಾರ ಫೋನ್ ಮಾಡಿ, ನಡುವಿನ ಕಂಬಿಯ ಫೋಟೊ ನನ್ನ ಹತ್ತಿರ ಇದೆಯಾ ಅಂತ ಕೇಳಿದರು. ಹುಡುಕಿ ಕಳಿಸಿದೆ.